ಇಣುಕಿದ ಸಂಪಿಗೆ

ಫುಝೌ, ಮಿನ್ ನದಿಯ ದಕ್ಷಿಣ ದಂಡೆ
ಸೆಪ್ಟೆಂಬರ್ 19, ಗುರುವಾರ

ಪ್ರೀತಿಯ ಸೂಚಿನ್,

ಮೊದಲು ನಿನ್ನ ಎಡ ಮಂಡಿಯ ಯೋಗಕ್ಷೇಮ ತಿಳಿಸು, ಆಮೇಲೆ ಬಲ ಮಂಡಿಯದು. ಮಿಕ್ಕ ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಶೆನ್ಯಾಂಗಿನಲ್ಲಿ ಬೆಳಗಿನ ಹೊತ್ತು ಆಗಲೇ ಚಳಿ ಹಿಡಿದಿದೆಯಂತೆ. ನಮ್ಮೂರಿನ ಹವಾಮಾನ ಕಿಟಕಿ ತೆರೆದರೆ ಕಾಣುತ್ತದೆ, ಹಾಗಾಗಿ ರೇಡಿಯೊದಲ್ಲಿ ನಿಮ್ಮೂರಿನದನ್ನೇ ಕೇಳುತ್ತೇನೆ. ಮಗಳು ಯಾಜುನ್ ಆಫೀಸಿಗೆ ಹೋಗುವ ಮುಂಚೆ ಏನಾದರೂ ತಿನ್ನುತ್ತಾಳೆಯೇ? ತುವಾನ್‌ತುವಾನ್‌ಗೆ ಎರಡನೆಯ ಹಲ್ಲು ಮೂಡಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನು ಮಾಡಿದರೆ ಅಮ್ಮ ಮಗಳು ಸೇರಿ ಮೊಮ್ಮಗನನ್ನು ಎತ್ತಿ ಹಿಡಿಯುತ್ತೀರಿ, ಅವನು ಪರದೆಯನ್ನು ನೆಕ್ಕುತ್ತಾನೆ. ಏಳು ತಿಂಗಳಿಂದ ನನಗೆ ಹೆಂಡತಿಯ ಮುಖದ ಬದಲು ಮೊಮ್ಮಗನ ನಾಲಗೆಯ ದರ್ಶನವೇ ಆಗುತ್ತಿದೆ. ನಾಲಗೆ ಆರೋಗ್ಯವಾಗಿದೆ, ಸಂತೋಷ. ಆದರೆ ನಾನು ಮದುವೆಯಾಗಿದ್ದು ಅದನ್ನಲ್ಲ.

ಇಲ್ಲಿ ನಾನು ಕ್ಷೇಮ. ದಿನಾ ಶಾವಿಗೆಗೆ ಬಾತುಕೋಳಿ ಮೊಟ್ಟೆ ಹಾಕಿ ಬೇಯಿಸಿಕೊಳ್ಳುತ್ತೇನೆ. ಬೇಸರವಾದ ದಿನ ಮೊಟ್ಟೆಗೆ ಶಾವಿಗೆ ಹಾಕಿ ಬೇಯಿಸುತ್ತೇನೆ, ಊಟ ಬದಲಾದ ಹಾಗಿರುತ್ತದೆ. ಬೀದಿ ತುದಿಯಲ್ಲಿ ಮೀನುಂಡೆ ಮಾರುವ ಪಿಂಗ್‌ಮೆಯ್ ಅಕ್ಕ ಮೊನ್ನೆ ಹತ್ತು ಜನರ ಮುಂದೆ ನಿಲ್ಲಿಸಿಕೊಂಡು, "ಏನ್ ಮೇಸ್ತ್ರಿ, ಹೆಂಡ್ತಿ ಊರಲ್ಲಿಲ್ಲ ಅಂದ್ರೆ ಗಂಡಸ್ರು ಸೊರಗ್ತಾರೆ ಅಂತಾರೆ, ನೀವ್ ನೋಡಿದ್ರೆ ನನ್ನ ಮೀನುಂಡೆ ಥರ ಉಬ್ತಿದ್ದೀರಲ್ಲ!" ಎಂದಳು. "ದುಃಖಕ್ಕೆ ಬಾತ್ಕೊಂಡಿದೀನಕ್ಕಾ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬೀಗ ತೆಗೆಯುವಾಗ ಮಾತ್ರ ಆ ನಗು ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಬೆಳಗಿನ ಚಹಾಕ್ಕೆ ಈಗಲೂ ಕೈ ತಾನಾಗಿ ಎರಡು ಬಟ್ಟಲು ಇಡುತ್ತದೆ. ಎರಡನೆಯದು ಆರಿದ ಮೇಲೆ ನಿನ್ನ ಮಲ್ಲಿಗೆ ಕುಂಡಕ್ಕೆ ಸುರಿಯುತ್ತೇನೆ. ನೀನು ಹೋದದ್ದರಿಂದ ಈ ಮನೆಯಲ್ಲಿ ಉದ್ಧಾರವಾದದ್ದು ಆ ಗಿಡವೊಂದೇ.

ಈಗ ಕೆಲಸದ ಸುದ್ದಿ. ನಮ್ಮ ಹಳೆಯ ಯಜಮಾನರ ಮಗಳು ಗ್ವಾನ್ ಮೇಡಂ ಇದ್ದಾಳಲ್ಲ, ಅವಳಿಗೆ ಹೊಸ ಚಹಾ ಬೇಕಾಯಿತು. ಬರೀ ಮಲ್ಲಿಗೆ ಸಾಲದು, ಹಣ್ಣಿನ ಪರಿಮಳವೂ ಇರಲಿ ಎಂದಳು. ಚಕ್ಕೋತ ಆಗುತ್ತದೆ ಎಂದೆ. ವಸಂತದ ಹಸಿರು ಚಹಾ ತೆಗೆದುಕೊಂಡು, ಹಸಿ ಚಕ್ಕೋತದ ಸಿಪ್ಪೆಯನ್ನು ತೆಳ್ಳಗೆ ಹೆರೆದು ಅದರೊಳಗೆ ಒಂದು ಹಗಲು ಮಲಗಿಸಿ ಎಬ್ಬಿಸಿದೆ. ಆಮೇಲೆ ಅಡಿಪಾಯಕ್ಕೆ ಬಿಳಿ ಸಂಪಿಗೆ, ಅದರ ಮೇಲೆ ನಾಲ್ಕು ಸಲ ಮಲ್ಲಿಗೆ, ಪ್ರತಿ ಸಲವೂ ಹೂವನ್ನು ಜರಡಿ ಹಿಡಿದು ತೆಗೆದು ಚಹಾವನ್ನು ಒಣಗಿಸಿದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ? ಗಿಡಕ್ಕೆ ಹೇಳಿದರೆ ತನ್ನ ಬಂಧುಗಳ ಗತಿ ಕೇಳಿ ಬಾಡಿತು.

ಸಂಪಿಗೆಯದು ಎಂಥ ಪಾತ್ರವೆಂದು ನೀನೇ ಕೆಲಸಕ್ಕೆ ಸೇರಿದ ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ: "ಅದು ಮದುಮಗಳ ಸೋದರತ್ತೆ ಕಣ್ರೇ. ಹಿಂದೆ ನಿಂತು ಉಡುಪು ಸರಿಮಾಡ್ಬೇಕು, ಫೋಟೋದಲ್ಲಿ ಬರಬಾರ್ದು." ಮಲ್ಲಿಗೆಗೆ ಬಲ ಕೊಡಲು ಒಂದು ಚೂರು ಸಂಪಿಗೆ. ಅದು ಇಣುಕಿತೋ, ಇಡೀ ರಾಶಿ ಕೆಟ್ಟಂತೆ. ಇದು ಕಲಿಯುವವರು ಮಾಡುವ ತಪ್ಪು, ಮೂವತ್ತೊಂದು ವರ್ಷ ಚಹಾ ಬಟ್ಟಲಿನ ಮುಚ್ಚಳ ಎತ್ತಿ ಮೂಸಿದವರು ಮಾಡುವುದಲ್ಲ.

ನಾನು ಮಾಡಿದೆ, ಸೂಚಿನ್. ಚಕ್ಕೋತ ಮಲ್ಲಿಗೆಯನ್ನು ನುಂಗುತ್ತಿದೆಯೆಂದು ಸಂಪಿಗೆಯನ್ನು ಒಂದು ಹಿಡಿ ಜಾಸ್ತಿ ಹಾಕಿದ್ದೆ. ಒಳಪರೀಕ್ಷೆಯಲ್ಲಿ ಮೂರು ಗ್ರಾಂ ತೂಗಿ, ಒಣಗಿದ ಎಸಳುಗಳನ್ನು ಆರಿಸಿ ತೆಗೆದು (ನಿನ್ನ ಕೆಲಸ ಅದು, ನನ್ನ ಬೆರಳು ದಪ್ಪ, ಅರ್ಧ ಗಂಟೆ ಬೇಕಾಯಿತು), ಕುದಿ ನೀರು ಹುಯ್ದು, ಮೂರು ನಿಮಿಷ ಕಾದು, ಮುಚ್ಚಳದ ಒಳಮೈ ಮೂಸಿದೆ. ಆಮೇಲೆ ಎದುರಿನ ನಿನ್ನ ಸ್ಟೂಲು ನೋಡಿದೆ. ಅಲ್ಲಿ ಜರಡಿ ಇತ್ತು. ಪುಸ್ತಕದಲ್ಲಿ "ಸರಿ" ಎಂದು ಬರೆದುಬಿಟ್ಟೆ.

ಮಾರನೆಯ ದಿನ ತಿಯಾನ್‌ಜಿನ್‌ನಿಂದ ಚಹಾ ಕೊಳ್ಳುವ ಹೌ ಸಾಹುಕಾರ ಬಂದ. ಅವನ ಹೊಟ್ಟೆ ಒಳಗೆ ಬಂದು ಕೂತಾದ ಮೇಲೆ ಅವನು ಒಳಗೆ ಬಂದ. ಮೊದಲ ನೀರಿಗೆ ತಲೆ ಆಡಿಸಿದ. ಮೊದಲ ನೀರು ಹೇಳುವುದು ಹೂ ಎಷ್ಟು ತಾಜಾ ಎಂಬುದನ್ನಷ್ಟೇ ತಾನೆ. ಅದೇ ಎಲೆಗೆ ಹುಯ್ದ ಎರಡನೆಯ ನೀರು ಐದು ನಿಮಿಷ ನಿಂತಿತು. ಮುಚ್ಚಳವನ್ನು ಮೂಗಿಗೆ ಹಿಡಿದವನು ಹಾಗೇ ಹಿಡಿದುಕೊಂಡು, "ಮೇಸ್ತ್ರಿ, ನಾನು ಮಲ್ಲಿಗೆ ಮನೆ ಬಾಗಿಲು ತಟ್ಟಿದೆ. ಸಂಪಿಗೆ ಬಂದು ತೆಗೀತಲ್ಲ?" ಎಂದ. ನನ್ನ ಎದುರಿಗೇ ನನಗಿಂತ ಚೆನ್ನಾದ ಮಾತು ಆಡಿದ. ಅದಕ್ಕೂ ಬೇಜಾರಾಯಿತು.

ಅವನು ಹೋದ ಮೇಲೆ ಗ್ವಾನ್ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೇಸ್ತ್ರಿಗಳೇ, ಎಸೆನ್ಸ್ ಬಾಟ್ಲಿ ಮಾರೋನು ವಾರಕ್ಕೊಂದ್ಸಲ ಬಂದು ಕೂತ್ಕೋತಾನೆ. ನಮ್ಮ ಮೇಸ್ತ್ರಿಗಳಿದ್ದಾರೆ, ಬೇಡಪ್ಪ ಅಂತ ಕಳಿಸ್ತಾ ಇದ್ದೆ. ಇನ್ನೊಂದ್ಸಲ ಹೀಗಾದ್ರೆ ನಾನ್ ಏನಂತ ಹೇಳ್ಲಿ?" ಎಂದಳು. ಮೂವತ್ತನೆಯ ತಾರೀಕು ಹೌ ಮತ್ತೆ ಬರುತ್ತಾನೆ. ಅಷ್ಟರೊಳಗೆ ಸರಿಯಾದದ್ದು ಕೊಡಬೇಕು. ತಪ್ಪಿದರೆ ಬರುವ ವರ್ಷದಿಂದ ನನ್ನ ಮೇಜಿನ ಮೇಲೆ ಬಾಟಲಿಗಳು. ಆಮೇಲೆ ನಾನು ಮುಚ್ಚಳ ಎತ್ತುವವನಲ್ಲ, ಮುಚ್ಚಳ ತಿರುಗಿಸುವವನು.

ಮಲ್ಲಿಗೆಯ ಕಾಲ ಮುಗಿಯುತ್ತ ಬಂತು, ಮೊಗ್ಗು ದಿನದಿನಕ್ಕೆ ಸಣ್ಣಗಾಗುತ್ತಿದೆ. ಸಿಕ್ಕಿದ್ದರಲ್ಲಿ ಮೂರು ಸಣ್ಣ ರಾಶಿ ಮಾಡಿದ್ದೇನೆ: ಒಂದರಲ್ಲಿ ಸಂಪಿಗೆ ಮೊದಲಿನ ಅರ್ಧ, ಒಂದರಲ್ಲಿ ಕಾಲು, ಒಂದರಲ್ಲಿ ಇಲ್ಲವೇ ಇಲ್ಲ. ನಿನ್ನೆ ಬೆಳಗಿನಿಂದ ಮೂರನ್ನೂ ಕುದಿಸಿ, ಸುರಿದು, ಮೂಸಿ, ಗುಟುಕರಿಸಿ, ಕೊನೆಗೆ ಬರೀ ಪಿಂಗಾಣಿಯ ವಾಸನೆ ಬರತೊಡಗಿತು. ಆದರೂ ಚಿಂತೆಯಿಲ್ಲ, ಹೇಗೋ ಆಗುತ್ತದೆ. ನೀನು ಬರುವ ಯೋಚನೆ ಮಾಡಬೇಡ. ಮಗು ಅಂಬೆಗಾಲಿಡುವ ಹೊತ್ತು, ಶಿಶುವಿಹಾರಕ್ಕೆ ಸೇರುವ ತನಕ ನೀನು ಅಲ್ಲೇ ಇರಬೇಕು. ಅದೇನು, ಇನ್ನು ಎರಡೂವರೆ ವರ್ಷ ತಾನೆ. ನಾನು ಬೆರಳು ಮಡಿಸಿ ನೋಡಿಲ್ಲ.

ಯಾಜುನ್‌ಗೂ ಅಳಿಯನಿಗೂ ನನ್ನ ಆಶೀರ್ವಾದ. ತುವಾನ್‌ತುವಾನ್‌ಗೆ ಅಜ್ಜನ ಕಡೆಯಿಂದ ಎರಡೂ ಕೆನ್ನೆಗೆ ಮುತ್ತು. ನಾಲಗೆಗೂ ನಮಸ್ಕಾರ, ಹಳೆಯ ಪರಿಚಯ. ಮಂಡಿಗೆ ಉಣ್ಣೆ ಬಟ್ಟೆ ಸುತ್ತಿಕೋ.

ನಿನ್ನ,
ವೆಂಗ್ ಶೌಮಿಂಗ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಎರಡು ಮಾತು. ಮೂಗಿನ ಡಾಕ್ಟರ ಬಳಿ ಹೋಗಿದ್ದೆ. ದೀಪ ಬಿಟ್ಟು ನೋಡಿ, "ಮೂಗು ಚೆನ್ನಾಗಿದೆ ಯಜಮಾನ್ರೇ, ಇಪ್ಪತ್ತರ ಹುಡುಗನ ಹಾಗಿದೆ" ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ತಿಳಿಯಿತು. ಮೂವತ್ತೊಂದು ವರ್ಷವೂ ನಾನು ಮೂಸಿದ ಮುಚ್ಚಳವನ್ನು ನಿನ್ನ ಕಡೆ ಚಾಚುತ್ತಿದ್ದೆ. ನಿನ್ನ ಎಡ ಹುಬ್ಬು ಮೇಲೆ ಹೋದರೆ "ಸಂಪಿಗೆ ಇಣುಕಿದೆ" ಎಂದು ಬರೆಯುತ್ತಿದ್ದೆ, ಹೋಗದಿದ್ದರೆ "ಸರಿ". ಊರೆಲ್ಲ ವೆಂಗ್ ಮೇಸ್ತ್ರಿಯ ಮೂಗು ಎಂದದ್ದು ನಿನ್ನ ಹುಬ್ಬನ್ನು. ನಿನಗಿದು ಮೊದಲೇ ಗೊತ್ತಿತ್ತೆಂದು ನನಗೆ ಅನುಮಾನ. "ಏನ್ರೀ, ಮೂಗು ಮನೇಲಿ ಬಿಟ್ ಬಂದ್ರಾ?" ಎಂದು ನೀನು ಅಷ್ಟು ಸಲ ನಗುತ್ತಿದ್ದುದು ಅದಕ್ಕೇ ಇರಬೇಕು. ಇಲ್ಲ, ಮಾರಾಯ್ತಿ, ಮನೆಯಲ್ಲೂ ಇಲ್ಲ. ನೀನು ಶೆನ್ಯಾಂಗಿಗೆ ತೆಗೆದುಕೊಂಡು ಹೋಗಿದ್ದೀಯೆ.

ಮಂಗಳವಾರ ರೈಲು ಹತ್ತುತ್ತೇನೆ, ಬುಧವಾರ ಅಲ್ಲಿರುತ್ತೇನೆ, ಗುರುವಾರ ಹಿಂದಕ್ಕೆ. ಮೂರು ಪೊಟ್ಟಣ, ನಮ್ಮ ಎರಡು ಮುಚ್ಚಳದ ಬಟ್ಟಲು, ಐದು ಲೀಟರ್ ನಮ್ಮೂರ ನೀರು (ನಿಮ್ಮ ಗಡಸು ನೀರನ್ನು ನಂಬುವುದಿಲ್ಲ) ತರುತ್ತೇನೆ. ತಪಾಸಣೆಯವರು ಕುಡಿದು ತೋರಿಸು ಎಂದರೆ ಒಂದು ಗುಟುಕು ಕಡಿಮೆಯಾದೀತು. ಮಗುವನ್ನು ಅರ್ಧ ಗಂಟೆ ಯಾಜುನ್ ಕೈಗೆ ಕೊಟ್ಟು ನನ್ನ ಎದುರು ಕೂತುಕೋ. ಒಂದು ಮಾತೂ ಆಡಬೇಡ, ಹೂಂ ಕೂಡ ಬೇಡ. ಮುಚ್ಚಳ ಎತ್ತಿದಾಗ ನಾನು ನಿನ್ನ ಮುಖ ನೋಡುತ್ತೇನೆ, ಅಷ್ಟೇ. ಮೂರು ಪೊಟ್ಟಣ, ಎರಡೆರಡು ನೀರು, ಒಟ್ಟು ಆರು ಸಲ ನೋಡಬಹುದು. ಅದಕ್ಕೇ ಮೂರು ರಾಶಿ ಮಾಡಿದೆ.