ಶುಕ್ರವಾರದ ವಿಡಿಯೋ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಗಣಿತ ತಲೆಗೆ ಹತ್ತದೆ ಶಾಲೆ ಬಿಟ್ಟೆ ಅಂತ ನಿಮಗೆಲ್ಲ ಹೇಳಿದ್ದು ಸುಳ್ಳು. ಗಣಿತದಲ್ಲಿ ಇಡೀ ತರಗತಿಗೆ ನಾನೇ ಮುಂದು. ನಿಜವನ್ನು ಇಷ್ಟು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನೀನು ಫೋನ್ ಮಾಡಿದಾಗೆಲ್ಲ "ಹ್ಞೂಂ, ಹ್ಞೂಂ" ಅಂದು ಅಮ್ಮನ ಕೈಗೆ ದಾಟಿಸಿಬಿಟ್ಟೆ, ಕ್ಷಮಿಸು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪನಿಗೆ ಗೋದಾಮಿನಲ್ಲಿ ಎರಡು ಪಾಳಿ.

ನಮ್ಮ ಶಾಲೆಯ ಶುಕ್ರವಾರದ ಕಥೆ ನಿನಗೆ ಗೊತ್ತಿಲ್ಲ, ನಿನ್ನ ಕಾಲದಲ್ಲಿ ಅದು ಇರಲಿಲ್ಲ. ಈಗ ಪ್ರತಿ ಶುಕ್ರವಾರ 'ಮಕ್ಕಳು ಕಲಿಯುತ್ತಿದ್ದಾರೆ' ಅಂತ ಒಂದು ವಿಡಿಯೋ ಮಾಡಿ ಶಾಲೆಯ ಪುಟಕ್ಕೆ ಹಾಕಬೇಕು. ಹಾಕದ ಟೀಚರಿಗೆ ಮೇಲಿನಿಂದ ನೋಟೀಸು. ಪಾಠ ಆಯಿತೋ ಇಲ್ಲವೋ ಕೇಳುವವರಿಲ್ಲ. ಶಾಲೆಗೆ ಫೋನ್ ತರಬಾರದು ಅಂತ ಒಂದು ಆದೇಶ, ಹೋಂವರ್ಕ್ ಫೋನಿಗೇ ಬರುತ್ತದೆ ಅಂತ ಇನ್ನೊಂದು. ಫೋನ್ ಅಪ್ಪನ ಜೇಬಿನಲ್ಲಿ, ಅಪ್ಪ ಗೋದಾಮಿನಲ್ಲಿ! ನಾನು ಬೇಕರಿಯ ಹಿಂದಿನ ಗೋಡೆಗೆ ಒರಗಿ, ಗೆಳೆಯನ ಫೋನಿಗೆ ಅಲ್ಲಿನ ವೈಫೈ ಹಿಡಿದು ಲೆಕ್ಕ ಬರೆದುಕೊಳ್ಳುತ್ತಿದ್ದೆ. "ಬನ್ನು ತಗೊಳ್ಳದವರು ಗೋಡೆ ಬಿಡ್ರೋ!" ಅಂತ ಬೇಕರಿಯವನು ನೀರು ಎರಚುತ್ತಿದ್ದ.

ಆಮೇಲೆ ಶಾಲೆಗೆ ಟ್ಯಾಬ್ಲೆಟ್‌ಗಳು ಬಂದವು. ನೆಟ್ ಬರಲಿಲ್ಲ. ಬೀರುವಿಗೆ ಬೀಗ ಬಿತ್ತು. ಶುಕ್ರವಾರ ಮಾತ್ರ ಅವು ಹೊರಗೆ ಬರುತ್ತಿದ್ದವು, ಮೇಲಿನ ಪ್ಲಾಸ್ಟಿಕ್ಕನ್ನೂ ಕಿತ್ತಿರಲಿಲ್ಲ. "ಬೆರಳಾಡಿಸಿ, ಪಕ್ಕದವರಿಗೆ ತೋರಿಸಿ, ನಗಿ," ಅನ್ನುತ್ತಿದ್ದರು ಟೀಚರ್. ತರಗತಿಗೆ ತರಗತಿಯೇ ಕಪ್ಪು ಗಾಜು ತಿಕ್ಕಿ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ಒಂದು ದಿನ ಟೀಚರ್ ಕ್ಯಾಮೆರಾ ನನ್ನತ್ತ ತಿರುಗಿಸಿ, "ಇವತ್ತು ಏನು ಕಲಿತೆ, ಹೇಳು ಮರಿ," ಅಂದರು. ಇದ್ದದ್ದನ್ನು ಹೇಳಿದೆ: "ಟೀಚರ್, ಇದು ಆನ್ ಆಗಿಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. "ಅಯ್ಯೋ ಪೆದ್ದ, ಸ್ವಿಚ್ ಎಲ್ಲಿದೆ ಅಂತಲೂ ಗೊತ್ತಿಲ್ವಾ?" ಅಂದರು ಟೀಚರ್. ಕ್ಯಾಮೆರಾ ಓಡುತ್ತಿತ್ತು, ಇನ್ನೇನು ಹೇಳಿಯಾರು? ಅಷ್ಟನ್ನೇ ಕತ್ತರಿಸಿ ಪುಟಕ್ಕೆ ಹಾಕಿದರು. ಶಾಲೆಯ ಯಾವ ವಿಡಿಯೋಗೂ ಬೀಳದಷ್ಟು ಲೈಕು ಬಿತ್ತು. ಅಂದಿನಿಂದ ನಾನು 'ಸ್ವಿಚ್ಚು'. ಕಟಿಂಗ್ ಅಂಗಡಿಗೆ ಹೋದರೆ, "ಏ ಸ್ವಿಚ್ಚು, ಫ್ಯಾನ್ ಹಾಕೋ!" ವಿಡಿಯೋ ತೆಗೆಯಿರಿ ಅಂತ ಟೀಚರನ್ನು ಬೇಡಿಕೊಂಡೆ. "ಅಷ್ಟು ಜನ ನೋಡ್ತಿದ್ದಾರೆ ಕಣೋ, ಹೆಡ್‌ಮಾಸ್ಟರು ಬಿಡಲ್ಲ," ಅಂದರು. ಮರುದಿನದಿಂದ ನಾನು ಹೋಗಲಿಲ್ಲ.

ಮೊನ್ನೆ ಹೆಡ್‌ಮಾಸ್ಟರೇ ಟೀಚರನ್ನು ಕರೆದುಕೊಂಡು ಮನೆಗೆ ಬಂದರು. ಶಾಲೆ ಬಿಟ್ಟವರಿದ್ದರೆ ಶಾಲೆಗೆ ಪ್ರಶಸ್ತಿ ಇಲ್ಲವಂತೆ. ಅಮ್ಮ ಇದ್ದ ಎರಡು ಕುರ್ಚಿಯನ್ನೂ ಕೈಯಲ್ಲೇ ಒರೆಸಿ ಕೊಟ್ಟಳು.

"ಏನಿಲ್ಲ ಕಣೋ, ಒಂದು ನಿಮಿಷದ ಕೆಲಸ. ಗೇಟಿನಿಂದ ಓಡಿ ಬಾ, ಟೀಚರ್ ತಬ್ಬಿಕೊಳ್ತಾರೆ. 'ಶಾಲೆ ಬಿಟ್ಟ ಹುಡುಗ ಮರಳಿ ಬಂದ' ಅಂತ ಹಾಕೋಣ."

"ಸರ್, ನೆಟ್ ಬಂತಾ?"

"ಪ್ರಶಸ್ತಿ ಬಂದ್ರೆ ಅದೂ ಬರುತ್ತೆ."

"ಹಳೇ ವಿಡಿಯೋ ತೆಗೀತೀರಾ?"

"ಅದರಿಂದಲೇ ಅಲ್ವೇನೋ ನಮ್ಮ ಶಾಲೆ ಹೆಸರಾಗಿದ್ದು!"

"ಹಾಗಾದ್ರೆ ಸುಮ್ಮನೆ ಬರ್ತೀನಿ ಸರ್, ಪಾಠಕ್ಕೆ. ಓಡಲ್ಲ."

ಅವರು ನಕ್ಕರು. "ವಿಡಿಯೋ ಇಲ್ಲದೆ ನೀನು ಬಂದಿದ್ದು ಯಾರಿಗೆ ಗೊತ್ತಾಗುತ್ತೋ?"

ಟೀಚರ್ ನೆಲ ನೋಡುತ್ತಿದ್ದರು. ಅವರು ಕೆಟ್ಟವರಲ್ಲ ಅಕ್ಕ, ಅದಕ್ಕೇ ಇನ್ನೂ ಮೈ ಉರಿಯುತ್ತದೆ. ಆಗಲ್ಲ ಅಂದೆ. ಅವರು ಹೋದಮೇಲೆ ಅಮ್ಮ ಅತ್ತಳು. "ಒಂದು ಸಲ ಓಡಿದ್ರೆ ನಿನ್ನ ಕಾಲು ಸವೀತಿತ್ತಾ?" ಅಮ್ಮನಿಗೆ ಏನು ಹೇಳಲಿ? ಓದುವ ಆಸೆ ನನಗೆ ಸತ್ತಿಲ್ಲ. ಆದರೆ ಮೊದಲು ಸುಳ್ಳು ಆಡು, ಆಮೇಲೆ ಪಾಠ ಅಂದರೆ ಅದೆಂಥ ಶಾಲೆ?

ಚಿಕ್ಕಪ್ಪನ ಊರಿಗೆ ಹೋಗಿ ಅವರ ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆ. ಪುಸ್ತಕಗಳನ್ನೂ ಚೀಲಕ್ಕೆ ತುಂಬಿದ್ದೇನೆ, ಹೊರಗಿನಿಂದಲೇ ಪರೀಕ್ಷೆ ಕಟ್ಟುತ್ತೇನೆ. ಅದಕ್ಕೂ ಅರ್ಜಿ ಆನ್‌ಲೈನಿನಲ್ಲೇ ಅಂತೆ!

ಭಾವನಿಗೆ ನಮಸ್ಕಾರ. ನಿನ್ನ ಪುಟ್ಟಿ ಚೆನ್ನಾಗಿರಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳಾಗಲಿ, ಅದನ್ನು ಕೇಳಿ ನಗುವವರು ಅವಳಿಗೆ ಸಿಗದಿರಲಿ.

ನಿನ್ನ ತಮ್ಮ

ತಾ.ಕ.: ಆ ವಿಡಿಯೋವನ್ನು ನಮ್ಮ ಸಂಬಂಧಿಕರ ಗುಂಪಿಗೆ ಹಾಕಿದವಳು ನೀನು. "ನಮ್ಮನೆ ಹೀರೋ ನೋಡಿ" ಅಂತ ಬರೆದು ನಗುವ ಮುಖಗಳನ್ನು ಸಾಲಾಗಿ ಇಟ್ಟಿದ್ದೆ. ಅಪ್ಪನ ಫೋನಿನಲ್ಲಿ ನೋಡಿದೆ. ಊರೆಲ್ಲ ನಕ್ಕದ್ದು ಇಷ್ಟು ನೋಯಿಸಲಿಲ್ಲ. ಕೈ ಹಿಡಿದು ನನಗೆ ಅಕ್ಷರ ತಿದ್ದಿಸಿದವಳು ನೀನು, ಅಲ್ಲಿ ಏನಾಯಿತೋ ಅಂತ ಒಂದು ಮಾತು ಕೇಳಲಿಲ್ಲ. ಆಮೇಲೆ ಏನೂ ಅರಿಯದವಳ ಹಾಗೆ ಫೋನ್ ಮಾಡಿ, "ಯಾಕೋ ಶಾಲೆ ಬಿಟ್ಟೆ?" ಅಂದೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.