ತಿದ್ದದೆ ಬಿಟ್ಟ ಜಿಂಕೆ

ಅಪ್ಪನಿಗೆ ನಮಸ್ಕಾರ.

ಭೂತಗನ್ನಡಿಯಲ್ಲಿ ಓದಲು ಸುಲಭವಾಗಲೆಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಮ್ಮ ಟೋಪಿ ಕಾರಿನ ಹಿಂದಿನ ಸೀಟಿನಲ್ಲೇ ಉಳಿದಿತ್ತು, ಅಕ್ಕನ ಕೈಲಿ ಕಳಿಸಿದ್ದೇನೆ. ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವುದನ್ನು ಮರೆಯಬೇಡಿ.

ಕಡಲ ಪಕ್ಕದ ದಾರಿಯಲ್ಲಿ ನಾವು ಸುತ್ತಾಡಿದ್ದನ್ನು ಎಲ್ಲರಿಗೂ ಹೇಳುತ್ತಿದ್ದೀರಂತೆ. ರಸ್ತೆ ದಾಟಿದ ಮುಂಗುಸಿ, ಬಂಡೆಯ ಮೇಲೆ ಆಡುತ್ತಿದ್ದ ನೀರುನಾಯಿಗಳು, ನಾನು ನೋಡಿ ಹೇಳಿದ್ದೆಲ್ಲ ನಿಜ. ಜಿಂಕೆಯ ವಿಷಯ ಮಾತ್ರ ಇನ್ನು ಹೇಳಬೇಡಿ.

ಅವತ್ತು ಕಾರು ನಿಲ್ಲಿಸಿ ಆ ದಾರಿ ಪಕ್ಕದ ಕಾಡಿನಲ್ಲಿ ನಡೆಯುವಾಗ, "ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದು ಜಿಂಕೆ ನೋಡ್ಬೇಕು ಕಣೋ, ಆಮೇಲೆ ವಾಪಸ್ ಹೋಗೋಣ" ಅಂದಿರಿ. ನನಗೆ ಕಾಲು ನೋಯುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ನಿಜವಾಗಿ ಬೇಜಾರಾಗಿತ್ತು, ಬೇಗ ವಾಪಸ್ ಹೋದರೆ ಸಾಕಿತ್ತು. ಮರಗಳ ನಡುವೆ ಕಡಲು ಕಂಡ ಕಡೆ ನಿಂತು, "ಅಗೋ ಅಪ್ಪ, ನೀರು ಕುಡೀತಿದೆ" ಅಂದೆ. ಅಲ್ಲಿ ಏನೂ ಇರಲಿಲ್ಲ.

"ಉಪ್ಪುನೀರಾ?" ಅಂದಿರಿ.

"ಹೂಂ."

"ಪಾಪ, ಅದೆಷ್ಟು ಬಾಯಾರಿಕೆಯೋ" ಎಂದು ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿದಿರಿ.

ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು ನೀವು. ನನ್ನ ಮದುವೆಯ ಕರೆಯೋಲೆಯಲ್ಲೂ ಎರಡು ತಪ್ಪು ಹುಡುಕಿದವರು. ಈ ಸುಳ್ಳೊಂದನ್ನು ಕಂಡೂ ಬಿಟ್ಟಿರಿ.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಕಾರು ತರಬಲ್ಲೆ. ಜಿಂಕೆ ಕಾಣದಿದ್ದರೆ ಕಾಣಲಿಲ್ಲ ಎಂದೇ ಹೇಳುತ್ತೇನೆ. ನನ್ನ ಜೊತೆ ಬರಲು ಮನಸ್ಸಿದ್ದರೆ, ಈ ಪತ್ರದ ತಪ್ಪುಗಳಿಗೆ ಕೆಂಪು ಶಾಯಿಯ ಗುರುತು ಹಾಕಿ ವಾಪಸ್ ಕಳಿಸಿ. ಒಂದನ್ನೂ ಬಿಡಬೇಡಿ.

ನಿಮ್ಮ ಮಗ