ಎದ್ದು ಹೋದವರ ಉತ್ತರ

ರಸ್ತೆ ಮತ್ತು ಸೇತುವೆ ಇಲಾಖೆಯ ವಿಚಾರಣಾಧಿಕಾರಿಗಳಾದ ಮಾನ್ಯರೇ,

ನಮ್ಮ ಓಣಿಯ ಬಾಯಿಗೆ ಗೋಡೆ ಕಟ್ಟಿಸುವ ಮೊದಲು ನೀವು ನಮ್ಮನ್ನು ಕೇಳಿದಿರಿ. ನಾವು ಬೇಡವೆಂದೆವು. ನೀವು ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿರಿ. ನನ್ನ ದೂರು ಇಷ್ಟೇ. ಆದರೆ ಇಷ್ಟನ್ನು ನಿಮಗೆ ಅರ್ಥ ಮಾಡಿಸಲು ಎಷ್ಟು ಗಂಟಲು ಹರಿದುಕೊಳ್ಳಬೇಕಾಗಿದೆಯೆಂದರೆ, ಕೊನೆಗೆ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ನಮ್ಮ ಓಣಿಯ ಹಿಂದೆ ನಾಲೆ, ಮುಂದೆ ರೈಲು ಹಳಿ. ಹಳಿ ದಾಟಲು ಒಂದು ರೈಲ್ವೆ ಗೇಟಿತ್ತು. ಚಕ್ರವಿರುವ ಯಾವುದೇ ವಾಹನಕ್ಕೆ ಅದೊಂದೇ ದಾರಿ. ಅಪಘಾತದ ಭಯವೆಂದು ಗೇಟು ತೆಗೆದು ಗೋಡೆ ಎಬ್ಬಿಸುವ ಯೋಜನೆ ಬಂತು. ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕ ವಿಚಾರಣೆ ಕರೆದಿರಿ. ಎಡಗಡೆ ಮೇಲಿನ ಬೀದಿಯ ತರಕಾರಿ ಮಂಡಿಯವರು, ಬಲಗಡೆ ನಮ್ಮ ಓಣಿಯ ಹಾಸಿಗೆ ಹೊಲಿಯುವವರು. ನಾನು ಹುಟ್ಟಿದ್ದು ಎಡಗಡೆ, ಮದುವೆಯಾಗಿ ಬಂದದ್ದು ಬಲಗಡೆ. ಹಾಗಾಗಿ ಆ ದಿನ ನಡೆದದ್ದು ನನಗೆ ಎರಡೂ ಕಿವಿಯಲ್ಲಿ ಕೇಳಿಸಿತು. ನಿಮಗೆ ಒಂದರಲ್ಲಿ ಮಾತ್ರ.

ಮಂಡಿಯವರು ಮಾತಾಡಿದ ರೀತಿ ನಿಮಗೆ ನೆನಪಿದೆ. ನನ್ನ ಚಿಕ್ಕಪ್ಪ, ಅಂದರೆ ಮಂಡಿಯಲ್ಲಿ ಹರಾಜು ಕೂಗುವವರು, ಕುರ್ಚಿಯ ಮೇಲೆ ಹತ್ತಿ ನಿಂತು, “ಯಾರಪ್ಪನ ಮನೆ ದಾರಿ ಅಂತ ಮುಚ್ತೀರಾ ಸ್ವಾಮಿ?” ಎಂದು ನಿಮ್ಮ ಮೇಜನ್ನು ಗುದ್ದಿದರು. ನಿಮ್ಮ ನೀರಿನ ಲೋಟ ಉರುಳಿತು. ನೀವು ನಕ್ಕು, ಅವರಿಗೆ ಟೀ ತರಿಸಿ, ಅವರ ಬೀದಿಯಿಂದ ನಾಲೆಯಾಚೆಗೆ, ನಮ್ಮ ಓಣಿಗೆ ತಾಗದಂತೆ, ಹಳಿಯಡಿ ರಸ್ತೆಯೊಂದನ್ನು ಮಂಜೂರು ಮಾಡಿದಿರಿ. “ಜನ ಹೀಗೆ ಉತ್ಸಾಹದಿಂದ ಭಾಗವಹಿಸಬೇಕು” ಎಂದೂ ಹೇಳಿದಿರಿ. ಆಮೇಲೆ ಬಲಗಡೆ ತಿರುಗಿ, “ನಿಮ್ಮದೇನಾದ್ರೂ ಇದೆಯಾ?” ಎಂದು ಕೇಳಿದಿರಿ.

ನನ್ನ ಮಾವ ಓಣಿಗೆಲ್ಲ ಹಿರಿಯರು. ಅವರು ಎದ್ದರು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು, ನಿಮಗೆ ಕೈ ಮುಗಿದು ಹೊರಗೆ ನಡೆದರು. ಅವರ ಹಿಂದೆ ಎರಡನೆಯ ಮನೆಯವರು, ಅವರ ಹಿಂದೆ ಮತ್ತೊಬ್ಬರು. ಬಲಗಡೆಯ ಬೆಂಚುಗಳು ತುಟಿಪಿಟಕ್ಕೆನ್ನದೆ ಬರಿದಾದವು. ನೀವು ಗಡಿಯಾರ ನೋಡಿ, “ಪಾಪ, ಊಟದ ಹೊತ್ತಾಯ್ತು ಅಂತ ಕಾಣುತ್ತೆ” ಎಂದಿರಿ.

ನಾನು ಎದ್ದು ನಿಂತು, “ಸಾರ್, ಅವ್ರು ಬೇಡ ಅಂದಿದ್ದಾರೆ” ಎಂದೆ.

“ಯಾವಾಗಮ್ಮ ಅಂದ್ರು?”

“ಈಗ. ಎದ್ದು ಹೋದ್ರಲ್ಲ, ಅದೇ.”

ಮಂಡಿಯವರೆಲ್ಲ ಗೊಳ್ಳೆಂದರು. ಅವರಲ್ಲಿ ನನ್ನ ಅಣ್ಣಂದಿರೂ ಇದ್ದರು. ನಿಮ್ಮ ಗುಮಾಸ್ತರು “ಓಣಿಯ ನಿವಾಸಿಗಳಿಂದ ಆಕ್ಷೇಪಣೆ ಇಲ್ಲ” ಎಂದು ಗಟ್ಟಿಯಾಗಿ ಓದಿದರು.

ಮಾನ್ಯರೇ, ಅವರ ನಗು ನನಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಓಣಿಯವರ ಈ ರೀತಿ ನನಗೂ ಅರ್ಥವಾಗಿರಲಿಲ್ಲ. ನನ್ನ ತವರಿನಲ್ಲಿ ಉಪ್ಪು ಕಡಿಮೆಯಾದರೂ ಅರ್ಧ ಗಂಟೆ ವಾದ. ಮಾತಾಡದವನಿಗೆ ಹೇಳುವುದೇನೂ ಇಲ್ಲವೆಂದೇ ಲೆಕ್ಕ. ಗಂಡನ ಮನೆಯಲ್ಲಿ ಅರಳೆ ಬಿಡಿಸುವಾಗ ಎಲ್ಲರ ಬಾಯಿಗೂ ಬಟ್ಟೆ. ಬಟ್ಟೆ ಬಿಚ್ಚಿದ ಮೇಲೂ ಮಾತು ಕಡಿಮೆಯೇ. ಒಮ್ಮೆ ನಾನು ಗಂಡನಿಗೆ, “ಬೇರೆ ಮನೆ ಮಾಡೋಣ್ವಾ?” ಎಂದು ಕೇಳಿದೆ. ಅವರು ಎದ್ದು ಹಿತ್ತಿಲಿಗೆ ಹೋದರು. ನಾನು ಖುಷಿಯಿಂದ ಪಾತ್ರೆ ಕಟ್ಟತೊಡಗಿದೆ. ಅತ್ತೆ ಬಂದು ಪಾತ್ರೆಗಳನ್ನು ಒಂದೊಂದಾಗಿ ಮತ್ತೆ ಗೂಡಿಗೆ ಜೋಡಿಸುತ್ತ, “ಅವ್ನು ಬೇಡ ಅಂದ್ನಲ್ಲಮ್ಮ, ನೋಡ್ಲಿಲ್ವಾ?” ಎಂದರು. ನಾಲ್ಕು ಜನರ ಎದುರು ಕೇಳಿದವರ ಮುಖಕ್ಕೆ ಹೊಡೆದಂತೆ ಇಲ್ಲವೆನ್ನುವುದು ಈ ಓಣಿಯಲ್ಲಿ ಅವಮಾನ. ಎದ್ದು ಹೋಗುವುದೆಂದರೆ, ನಿಮ್ಮ ಮಾತು ನನಗೆ ಹಿಡಿಸಲಿಲ್ಲ, ಆದರೆ ನಿಮ್ಮ ಮರ್ಯಾದೆ ಉಳಿಯಲಿ ಎಂದರ್ಥ. ಮರುದಿನ ಕೇಳಿದವರು ಮಾತನ್ನು ಸ್ವಲ್ಪ ಬದಲಿಸಿಕೊಂಡು ಮತ್ತೆ ಬರಬೇಕು. ಅಲ್ಲಿಂದ ಚರ್ಚೆ ಶುರು.

ಈ ಮೌನಕ್ಕೆ ನಾನು ಆರತಿ ಎತ್ತುತ್ತಿಲ್ಲ. ಇಲ್ಲಿ ಮೊದಲು ಏಳುವ ಹಕ್ಕು ಯಾವಾಗಲೂ ಹಿರಿಯ ಗಂಡಸಿನದು. ಸೊಸೆ ಎದ್ದು ಹೋದರೆ ಒಲೆಯ ಮೇಲೆ ಏನೋ ಉಕ್ಕಿರಬೇಕೆಂದುಕೊಳ್ಳುತ್ತಾರೆ. ಹಾಗೆಂದು ತವರಿನ ಗದ್ದಲವೇ ಸ್ವಾತಂತ್ರ್ಯವೆಂದೂ ಒಪ್ಪಲಾರೆ. ನನ್ನ ತಂಗಿಗೆ ತೊದಲು. ಆ ಮನೆಯಲ್ಲಿ ಅವಳ ಒಂದು ಮಾತೂ ಇಂದಿನವರೆಗೆ ಗೆದ್ದಿಲ್ಲ. ಒಂದು ಕಡೆ ಗಂಟಲಿಗೆ ಬೆಲೆ, ಇನ್ನೊಂದು ಕಡೆ ವಯಸ್ಸಿಗೆ. ಎರಡೂ ಕಡೆ ಉಸಿರು ಕಟ್ಟಿದವಳು ನಾನು. ಆದರೆ ಎರಡು ಬಗೆಯ ಜನರನ್ನು ಒಂದೇ ಸಭಾಂಗಣಕ್ಕೆ ಕರೆದು, ಒಬ್ಬರ ನಡವಳಿಕೆಯನ್ನು ಪ್ರಜಾಪ್ರಭುತ್ವವೆಂದೂ ಇನ್ನೊಬ್ಬರದನ್ನು ಊಟದ ಹೊತ್ತೆಂದೂ ತೀರ್ಮಾನಿಸುವ ವಿದ್ಯೆಯನ್ನು ನಿಮಗೆ ಯಾರು ಕಲಿಸಿದರು?

ವಿಚಾರಣೆಯ ಮರುದಿನ ಓಣಿಯವರು ಬೀದಿ ಗುಡಿಸಿದರು. ಮಾವ ಬಾಗಿಲ ಮುಂದೆ ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಹಾಕಿ, ಅದರ ಮೇಲೆ ಹೊಸ ದಿಂಬು ಇಟ್ಟರು. ಯಾರಿಗೆ ಎಂದು ಕೇಳಿದೆ. “ಸಾಹೇಬ್ರು ಬರ್ತಾರಲ್ಲಮ್ಮ, ಮಾತಾಡೋಕೆ” ಎಂದರು. ಆ ವಾರವಿಡೀ ಕುರ್ಚಿ ಅಲ್ಲೇ ಇತ್ತು. ಬಂದದ್ದು ಇಟ್ಟಿಗೆಯ ಲಾರಿ.

ಈಗ ಓಣಿಯಿಂದ ಹೊರಬೀಳಲು ಮೆಟ್ಟಿಲಿನ ಕಾಲುಸೇತುವೆಯೊಂದೇ ಗತಿ. ತಳ್ಳುಗಾಡಿ ಹತ್ತುವುದಿಲ್ಲ, ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ದಾಟಿಸುತ್ತೇವೆ. ಅತ್ತೆಯ ಮೊಣಕಾಲು ಊದಿರುತ್ತದೆ. ಮೊದಲು ತಳ್ಳುಗಾಡಿಯ ಮೇಲೆ ಕೂತು ಪೇಟೆಗೆ ಬರುತ್ತಿದ್ದವರು ಗೋಡೆ ಎದ್ದ ಮೇಲೆ ಓಣಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಕಿಟಕಿಯಲ್ಲಿ ಕೂತರೆ ಕಾಣುವುದು ನಿಮ್ಮ ಇಟ್ಟಿಗೆ. ರೈಲು ಹೋದಾಗ ಗೋಡೆ ನಡುಗುತ್ತದೆ, ಆದರೆ ರೈಲು ಕಾಣಿಸುವುದಿಲ್ಲ.

ಒಂದು ಬೆಳಗ್ಗೆ ಅತ್ತೆಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸು ಗೋಡೆಯ ಆಚೆಗೆ ನಿಂತು ಸೈರನ್ ಹಾಕುತ್ತಿತ್ತು. ಮಾವ ಗಿರಾಕಿಗೆಂದು ಹೊಲಿದಿಟ್ಟಿದ್ದ ಹಾಸಿಗೆಯೊಂದನ್ನು ಎಳೆದು ತಂದರು. ಅತ್ತೆಯನ್ನು ಅದರ ಮೇಲೆ ಮಲಗಿಸಿ, ಹಗ್ಗ ಬಿಗಿದು, ನನ್ನ ಗಂಡ ಮತ್ತು ನೆರೆಯವರು ಸೇತುವೆ ಹತ್ತಿಸಿದರು. ಆ ಕಡೆ ಮಂಡಿಯ ಜನ ತಲೆಯೆತ್ತಿ ನೋಡುತ್ತಿದ್ದರು. “ಮುಖ ಮುಚ್ಚೇ, ಎಲ್ರೂ ನೋಡ್ತಿದ್ದಾರೆ” ಎಂದು ಅತ್ತೆ ಹೇಳುತ್ತಲೇ ಇದ್ದರು. ಸೆರಗು ಹೊದಿಸಿದೆ. ಜೀವ ಉಳಿಯಿತು. ಮನೆಗೆ ತರುವಾಗಲೂ ಅದೇ ಮೆಟ್ಟಿಲು, ಅದೇ ಹಗ್ಗ.

ಆಮೇಲೆ ಮಾವ ನನ್ನನ್ನು ಕರೆದರು. “ನಿಮ್ ಚಿಕ್ಕಪ್ಪ ಕೂಗ್ತಾರಲ್ಲ, ಅದು ಹ್ಯಾಗಮ್ಮ?”

ಮನೆಯಲ್ಲೇ ಅಭ್ಯಾಸ ಮಾಡಿಸಿದೆ. “ಬೇಡ ಅನ್ನಿ ಮಾವ.” “ಬೇಡ,” ಎಂದರು, ಟೀ ಬೇಡವೆಂದಂತೆ. “ಜೋರಾಗಿ.” ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದರು; ಕೆಮ್ಮು ಬಂತು. “ಎದುರಿಗಿರೋರನ್ನ ನೋಡ್ತಾ ಹೇಳ್ಬೇಕು ಮಾವ.” “ನೋಡಿದ್ರೆ ಬಾಯೇ ಬರಲ್ವಲ್ಲಮ್ಮ.” ಒಳಗಿಂದ ಅತ್ತೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ನಿಮ್ಮ ಕಚೇರಿಗೆ ನಾವಿಬ್ಬರೂ ಬಂದೆವು. ನೀವು ಫೈಲಿನಿಂದ ತಲೆಯೆತ್ತದೆ, “ನೀವೆಲ್ಲ ಒಪ್ಪಿದ್ದೀರಲ್ರೀ ಯಜಮಾನ್ರೇ” ಎಂದಿರಿ. ಮಾವ ಕೂಗಿದರು. ನಿಜಕ್ಕೂ ಕೂಗಿದರು. “ಬೇಡ!” ಆದರೆ ಮಾನ್ಯರೇ, ಕೂಗುವುದಕ್ಕೂ ಒಂದು ರೂಢಿಯಿದೆ. ಎಲ್ಲಿ ನಿಲ್ಲಿಸಬೇಕು, ಯಾವಾಗ ನಗಬೇಕು, ಟೀ ಬಂದಾಗ ಹೇಗೆ ಕೈ ಚಾಚಬೇಕು ಎಂಬುದೆಲ್ಲ ಚಿಕ್ಕಪ್ಪನಿಗೆ ಗೊತ್ತು. ಮಾವನಿಗೆ ಗೊತ್ತಿರಲಿಲ್ಲ. ಒಮ್ಮೆ ಕಟ್ಟೆಯೊಡೆದ ಮೇಲೆ ಅವರಿಗೆ ನಿಲ್ಲಿಸಲಾಗಲಿಲ್ಲ. ಬೇಡ, ಬೇಡ, ಬೇಡ ಎನ್ನುತ್ತ ಅಳತೊಡಗಿದರು. ಕೈ ತಗುಲಿ ನಿಮ್ಮ ಫೈಲು ಕೆಳಗೆ ಬಿತ್ತು. ನೀವು ಪೊಲೀಸರಿಗೆ ಫೋನ್ ಮಾಡಿದಿರಿ. ಮೇಜು ಗುದ್ದಿದವರಿಗೆ ಟೀ, ಫೈಲು ಬೀಳಿಸಿದವರಿಗೆ ಠಾಣೆ. ಸಂಜೆಯವರೆಗೆ ಕೂರಿಸಿ, ಒಂದು ವರ್ಷ ಯಾವುದೇ ಸರ್ಕಾರಿ ಕಚೇರಿಯಲ್ಲಾಗಲಿ ಸಾರ್ವಜನಿಕ ಸಭೆಯಲ್ಲಾಗಲಿ ದನಿ ಎತ್ತುವುದಿಲ್ಲ, ಎತ್ತಿದರೆ ಜೈಲು ಎಂದು ಮುಚ್ಚಳಿಕೆ ಬರೆಸಿಕೊಂಡರು. ಹುಟ್ಟಿದಾಗಿನಿಂದ ಸಭೆಯಲ್ಲಿ ದನಿ ಎತ್ತದ ಮನುಷ್ಯನಿಂದ!

ಕಳೆದ ಸೋಮವಾರ ನಿಮ್ಮ ಹೊಸ ನೋಟೀಸನ್ನು ಅದೇ ಗೋಡೆಗೆ ಅಂಟಿಸಿ ಹೋಗಿದ್ದಾರೆ. ವಾಹನ ಬರುವ ದಾರಿಯಿಲ್ಲದ ಕಾರಣ ನಮ್ಮ ಓಣಿ ವಾಸಕ್ಕೆ ಯೋಗ್ಯವಲ್ಲವಂತೆ. ಮನೆಗಳನ್ನು ತೆರವು ಮಾಡಿಸುವ ಬಗ್ಗೆ ವಿಚಾರಣೆಯಂತೆ. ದಾರಿ ಮುಚ್ಚಿದವರು ಯಾರೆಂದು ನೋಟೀಸಿನಲ್ಲಿಲ್ಲ. ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿದೆ: ಖುದ್ದು ಹಾಜರಾಗಿ ಬಾಯಿಮಾತಿನಲ್ಲಿ, ಸಭೆಗೆಲ್ಲ ಕೇಳುವಂತೆ ಆಕ್ಷೇಪಿಸದ ಮನೆಯ ಯಜಮಾನರು ಒಪ್ಪಿದ್ದಾರೆಂದು ಭಾವಿಸಲಾಗುವುದು. ಸೊಸೆ ಮಾತಾಡಿದರೆ ನಡೆಯುವುದೇ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಮನೆ ಮಾವನ ಹೆಸರಿನಲ್ಲಿರುವುದರಿಂದ ನಡೆಯುವುದಿಲ್ಲವಂತೆ.

ನಾನು ಗೋಡೆ ಒಡೆಯಿರಿ ಎಂದು ಕೇಳುತ್ತಿಲ್ಲ. ಅದನ್ನು ಆಮೇಲೆ ಕೇಳುತ್ತೇನೆ. ಮೊದಲು ಇದಕ್ಕೆ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಉತ್ತರ ಕೊಡಿ. ನನ್ನ ಮಾವ ಸುಮ್ಮನಿದ್ದರೆ ಮನೆ ಹೋಗುತ್ತದೆ, ಬಾಯಿ ಬಿಟ್ಟರೆ ಜೈಲಿಗೆ ಹೋಗುತ್ತಾರೆ. ನಿಮ್ಮ ಆಡಳಿತದಲ್ಲಿ ಈ ಮನುಷ್ಯ ‘ಬೇಡ’ ಎನ್ನಬಹುದಾದ ಮೂರನೆಯ ಬಗೆ ಯಾವುದು? ವಿಚಾರಣೆಯ ದಿನ ಬರುವುದರೊಳಗೆ ತಿಳಿಸಿ. ಅವರು ವಯಸ್ಸಾದವರು, ಕಲಿಯಲು ಸಮಯ ಬೇಕು.

ಇಂತಿ,
ಕೂಗುವ ಮನೆಯಲ್ಲಿ ಹುಟ್ಟಿಯೂ ಲೆಕ್ಕಕ್ಕೆ ಬಾರದ
ಓಣಿಯ ಸೊಸೆ